ಚೆನ್ನಾಗಿ ಕಾಣ್ತದೆ, ಮತ್ತೆ ಎಂತಕ್ಕೆ ಹೋಗುದು?

ಪ್ರಶ್ನೆ: ಡಾಕ್ಟ್ರೇ, ನನ್ನ ಅಮ್ಮನಿಗೆ 64 ವರ್ಷ, ಶುಗರ್ ಉಂಟು. ಇಪ್ಪತ್ತು ದಿನದ ಹಿಂದೆ ಉಡುಪಿಯಲ್ಲಿ ಬಲಗಣ್ಣಿನ ಪೊರೆ ಆಪರೇಷನ್ ಆಯ್ತು. ಮರುದಿನ ಪಟ್ಟಿ ತೆಗೆಸಿದ್ದು, ವಾರ ಕಳೆದು ತೋರಿಸಿದ್ದು ಎರಡೂ ಆಗಿದೆ, ಒಂದು ತಿಂಗಳಿಗೆ ಪುನಃ ಬರ್ಲಿಕ್ಕೆ ಹೇಳಿದ್ದಾರೆ. ಅಮ್ಮ ಮಾತ್ರ "ದೂರದ ಬಸ್ಸಿನ ಬೋರ್ಡು ಓದ್ಲಿಕ್ಕೆ ಆಗ್ತದೆ, ಇನ್ನೆಂತಕ್ಕೆ, ಒಂದು ದಿನದ ಬೀಡಿ ಕಟ್ಟುವ ಕೆಲಸ ಹೋಗ್ತದೆ" ಅಂತ ಹಠ. ನಾಲ್ಕು ದಿನದಿಂದ ಡ್ರಾಪ್ಸ್ ಹಾಕುದು ಸಹ ನಿಲ್ಲಿಸಿದ್ದಾರೆ. ಹೋಗದಿದ್ರೆ ತೊಂದರೆ ಉಂಟಾ?
ಓದುಗರು, ಹೆಬ್ರಿ

ಉತ್ತರ: ಉಂಟು. ಡ್ರಾಪ್ಸ್ ನಿಲ್ಲಿಸಿದ್ದಾರಲ್ಲ, ಹಾಗಾಗಿ ತಿಂಗಳು ತುಂಬುವವರೆಗೆ ಕಾಯ್ಬೇಡಿ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಈ ಆಪರೇಷನ್ ಆದ ಮೇಲೆ ಉರಿಯೂತಕ್ಕೆ ಕೊಡುವ ಸ್ಟೀರಾಯ್ಡ್ ಡ್ರಾಪ್ಸನ್ನು ವಾರ ವಾರಕ್ಕೆ ಕಡಿಮೆ ಮಾಡ್ತಾ ಬಂದು ನಿಲ್ಲಿಸುದು, ಒಮ್ಮೆಲೇ ಬಿಟ್ರೆ ಒಳಗಿನ ಉರಿಯೂತ ತಿರುಗಿ ಏಳಬಹುದು, ಇನ್ನು ಕೆಲವರಿಗೆ ಅದೇ ಡ್ರಾಪ್ಸಿಂದ ಕಣ್ಣಿನ ಪ್ರೆಶರ್ ಏರ್ತದೆ, ಅದಕ್ಕೆ ನೋವಿಲ್ಲ ಕೆಂಪಿಲ್ಲ, ಮೆಷಿನಲ್ಲಿ ನೋಡಿದ್ರೆ ಮಾತ್ರ ಗೊತ್ತಾಗುದು. ನೋವಿದ್ದವರು ಯಾರೂ ಹೇಳದೆಯೇ ಓಡಿ ಬರ್ತಾರೆ. ನನಗೆ ಚಿಂತೆ ಇರುದು ಚೆನ್ನಾಗಿ ಕಾಣುವವರದ್ದೇ.

ಅಮ್ಮನಿಗೆ ಶುಗರ್ ಇರುದರಿಂದ ಇನ್ನೊಂದು ವಿಷಯ. ಆಪರೇಷನ್ ಆಗಿ 4ರಿಂದ 6 ವಾರದ ಹೊತ್ತಿಗೆ ರೆಟಿನಾದ (ಕಣ್ಣಿನ ಹಿಂಭಾಗದ ಪರದೆಯ) ನಡುವಲ್ಲಿ ನೀರು ತುಂಬಿ ಊದಿಕೊಳ್ಳುದುಂಟು, ಶುಗರ್ ಇದ್ದವರಿಗೆ ಅದರ ಸಾಧ್ಯತೆ ಜಾಸ್ತಿ. ಮತ್ತೆ ಪೊರೆ ದಪ್ಪ ಇದ್ದಾಗ ನಮಗೂ ಆ ಕಣ್ಣಿನ ಹಿಂಭಾಗ ಸರಿಯಾಗಿ ಕಾಣ್ತಿರುದಿಲ್ಲ. ಪೊರೆ ಹೋದ ಮೇಲೆ ಅಮ್ಮನಿಗೆ ಹೊರಗೆ ಕಂಡ ಹಾಗೆ ನಮಗೆ ಒಳಗೆ ಕಾಣ್ತದೆ. ಶುಗರಿನಿಂದ ರೆಟಿನಾದಲ್ಲಿ ರಕ್ತ ಒಸರಿದ್ದು ಎಷ್ಟೋ ಸಲ ಸಿಕ್ಕುದು ಈ ಚೆಕಪ್ಪಿನಲ್ಲೇ.

ಬಸ್ಸಿನ ಬೋರ್ಡು ಕಾಣ್ತದೆ ಸರಿ, ಬೀಡಿಯ ನೂಲು? ಸಾಮಾನ್ಯವಾಗಿ ಹಾಕುವ ಲೆನ್ಸಲ್ಲಿ ದೂರದ್ದು ಸ್ಪಷ್ಟ, ಹತ್ತಿರದ್ದು ಮಸುಕು. ಅಂದಾಜಿನಲ್ಲಿ ಕಟ್ತಿದ್ದಾರೇನೋ ನೋಡಿ. ಹತ್ತಿರದ್ದು ನೋಡುವ ಕನ್ನಡಕದ ನಂಬರು ಕೊಡುದು ಸಹ ಈ ಚೆಕಪ್ಪಿಗೆ ಹೋದಾಗ, ಅಮ್ಮನಿಗೆ ಹಾಗೆ ಹೇಳಿದ್ರೆ ಬಹುಶಃ ಹೊರಡ್ತಾರೆ. ಬೀಡಿ ಕಟ್ಟುವಾಗ ಗೆರಸೆಯ ಹೊಗೆಸೊಪ್ಪಿನ ಹುಡಿ ಬೆರಳಲ್ಲಿ ಇರ್ತದೆ, ಅದೇ ಕೈಯಲ್ಲಿ ಕಣ್ಣು ಉಜ್ಜಬಾರದು, ಸೋಪ್ ಹಾಕಿ ಕೈ ತೊಳೆದೇ ಡ್ರಾಪ್ಸ್ ಹಾಕ್ಬೇಕು.

ಖರ್ಚಿನ ಮಾತು ಸುಳ್ಳಲ್ಲ. ನಮ್ಮ ಕಡೆ ಹೆಚ್ಚಿನ ರೂಟಲ್ಲಿ ಪ್ರೈವೇಟ್ ಬಸ್ಸೇ, 2023ರ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಅದ್ರಲ್ಲಿ ನಡೆಯುದಿಲ್ಲ, ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ್ರೆ ಕೆಲವು ಗಂಟೆ ಮಂಜು ಮಂಜು ಕಾಣುದರಿಂದ ಜೊತೆಗೊಬ್ಬರು ಬೇಕೇ ಬೇಕು, ಅಲ್ಲಿಗೆ ಇಬ್ಬರ ಬಸ್ ಚಾರ್ಜು, ಇಬ್ಬರ ಕೆಲಸ. ಹಾಗಾಗಿ ಅಮ್ಮನಿಗೆ ಬೈಬೇಡಿ, ನಿಮಗೆ ರಜೆ ಇರುವ ದಿನ ಸಿಗ್ತದಾ ಅಂತ ಅದೇ ಫೋನಲ್ಲಿ ಕೇಳಿ. ನಡುವೆ ಕಣ್ಣು ಕೆಂಪಾದ್ರೆ, ನೋವು ಬಂದ್ರೆ, ಕಾಣುದು ಕಡಿಮೆ ಆದ್ರೆ ಡೇಟು ನೋಡ್ಬೇಡಿ, ಅದೇ ದಿನ ಹೋಗಿ.

ಡಿಸ್ಚಾರ್ಜ್ ಚೀಟಿ, ಶುಗರ್ ರಿಪೋರ್ಟು, ಉಳಿದ ಡ್ರಾಪ್ಸ್ ಬಾಟಲಿ ಎಲ್ಲ ತಗೊಂಡು ಹೋಗಿ, ಎಷ್ಟು ದಿನ ಡ್ರಾಪ್ಸ್ ಹಾಕ್ಲಿಲ್ಲ ಅಂತ ಮುಚ್ಚಿಡದೆ ಹೇಳಿ.