ಸೆಳೆತ ಸಮವಾಗುವ ಬಿಂದು ಮತ್ತು ಆದಿತ್ಯನ ಠಿಕಾಣಿ

ಪ್ರಶ್ನೆ: ಸೂರ್ಯ ಮತ್ತು ಭೂಮಿಯ ಗುರುತ್ವ ಸಮವಾಗುವ ಬಿಂದುವನ್ನು ಲೆಕ್ಕಹಾಕಿದರೆ ಅದು ಭೂಮಿಯಿಂದ 2.59 ಲಕ್ಷ ಕಿ.ಮೀ. ದೂರದಲ್ಲಿ ಬರುತ್ತದೆ. ಸೂರ್ಯನನ್ನು ಅಧ್ಯಯನ ಮಾಡುವ ಭಾರತದ ಆದಿತ್ಯ-ಎಲ್1 ನೌಕೆ ಇರುವುದು 15 ಲಕ್ಷ ಕಿ.ಮೀ. ದೂರದಲ್ಲಿ. ನಾನೆಲ್ಲಿ ತಪ್ಪಿದೆ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಸೂರ್ಯನ ದ್ರವ್ಯರಾಶಿ ಭೂಮಿಯ ಸುಮಾರು 3,33,000 ಪಟ್ಟು, ಅದರ ವರ್ಗಮೂಲ 577, ಆದ್ದರಿಂದ ಸೂರ್ಯ-ಭೂಮಿಯ ನಡುವಿನ 14.96 ಕೋಟಿ ಕಿ.ಮೀ.ಯನ್ನು 577 + 1, ಅಂದರೆ 578ರಿಂದ ಭಾಗಿಸಿದಾಗ ನಿಮ್ಮ ಉತ್ತರವೇ ಸಿಗುತ್ತದೆ. ತಪ್ಪಿರುವುದು, ‘ಎಲ್1 ಎಂದರೆ ಎರಡೂ ಸೆಳೆತಗಳು ಪರಸ್ಪರ ರದ್ದಾಗುವ ಜಾಗ’ ಎಂದು ಬರೆಸುವ ಕೋಚಿಂಗ್ ಟಿಪ್ಪಣಿಗಳಲ್ಲಿ. 2024ರ ಜನವರಿ 6ರಂದು ಆದಿತ್ಯ ತನ್ನ ಕಕ್ಷೆಯನ್ನು ಸೇರಿದ ಮೇಲೆ ಈ ವಾಕ್ಯ ರಾಯಚೂರಿನಿಂದ ಬಳ್ಳಾರಿಯವರೆಗೆ ಹಬ್ಬಿದೆ, ಮತ್ತು ಅದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

2.59 ಲಕ್ಷ ಕಿ.ಮೀ. ದೂರದ ಆ ಬಿಂದುವಿನಲ್ಲಿ ಒಂದು ನೌಕೆಯನ್ನು ಇಟ್ಟಿರೆಂದುಕೊಳ್ಳಿ. ಅದರ ಮೇಲಿನ ಒಟ್ಟು ಬಲ ಸೊನ್ನೆಯಾದ್ದರಿಂದ ಅದು ಆ ಕ್ಷಣದಲ್ಲಿ ನೇರ ಗೆರೆಯಲ್ಲಿ ಸಾಗಲು ನೋಡುತ್ತದೆ. ಭೂಮಿಯಾದರೋ ಸೂರ್ಯನ ಕಡೆಗೆ ಬಾಗುತ್ತಲೇ ಇರುತ್ತದೆ. ಹೀಗಾಗಿ ಎರಡೂ ಜೊತೆಯಾಗಿ ಉಳಿಯಲಾರವು. ಭೂಮಿಯೊಂದಿಗೆ ವರ್ಷಕ್ಕೊಂದು ಸುತ್ತು ಬರಬೇಕಾದ ವಸ್ತುವಿಗೆ ಸೂರ್ಯನ ಕಡೆಗೆ ಇಂತಿಷ್ಟು ಸೆಳೆತ ಉಳಿದಿರಲೇಬೇಕು. ಸೂರ್ಯನಿಗೆ ಶೇ. 1ರಷ್ಟು ಹತ್ತಿರ, ಅಂದರೆ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ಒಳಗೆ ಹೋದರೆ ಸೂರ್ಯನ ಸೆಳೆತ ಶೇ. 2ರಷ್ಟು ಹೆಚ್ಚುತ್ತದೆ, ಆದರೆ ವರ್ಷಕ್ಕೊಂದು ಸುತ್ತಿಗೆ ಬೇಕಾದ ಸೆಳೆತ ಶೇ. 1ರಷ್ಟು ಕಡಿಮೆಯಾಗುತ್ತದೆ. ಹೀಗೆ ಹೆಚ್ಚುವರಿಯಾದ ಶೇ. 3ನ್ನು ಭೂಮಿ ಹಿಂದಕ್ಕೆ ಎಳೆದು ಸರಿಗಟ್ಟುತ್ತದೆ, ಏಕೆಂದರೆ ಅಲ್ಲಿ ಭೂಮಿಯ ಸೆಳೆತ ಸೂರ್ಯನ ಸೆಳೆತದ ಹೆಚ್ಚುಕಡಿಮೆ ಶೇ. 3ರಷ್ಟೇ ಇದೆ. ಕಾಗದದ ಮೇಲೆ ಇದನ್ನು ನೀವೇ ಒಮ್ಮೆ ಮಾಡಿ ನೋಡಿ. ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಹೀಗೆ ಸರಿಗಟ್ಟುವ ಈ ಬಿಂದುವೇ ಎಲ್1. ಅದು ಅಸ್ಥಿರವಾದ್ದರಿಂದ ಆದಿತ್ಯ ಅದರ ಮೇಲೆಯೇ ಕುಳಿತಿಲ್ಲ. ಅದರ ಸುತ್ತ ಸುಮಾರು 178 ದಿನಗಳಿಗೊಮ್ಮೆ ಸುತ್ತುತ್ತಾ, ಆಗಾಗ ಇಂಧನ ಉರಿಸಿ ದಾರಿಯನ್ನು ತಿದ್ದಿಕೊಳ್ಳುತ್ತದೆ.

ಪ್ರಶ್ನೆ: ಚಂದ್ರ ಈ 2.59 ಲಕ್ಷ ಕಿ.ಮೀ.ಗಿಂತ ಆಚೆ ಇದ್ದರೂ ಸೂರ್ಯ ಅದನ್ನು ಏಕೆ ಎಳೆದುಕೊಳ್ಳುವುದಿಲ್ಲ? – ಕುಷ್ಟಗಿ

ಉತ್ತರ: ಒಳ್ಳೆಯ ಪ್ರಶ್ನೆ. ಚಂದ್ರನ ಮೇಲೆ ಸೂರ್ಯನ ಸೆಳೆತ ಭೂಮಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ನಿಜ. ಆದರೆ ಸೂರ್ಯ ಭೂಮಿಯನ್ನೂ ಚಂದ್ರನನ್ನೂ ಬಹುಮಟ್ಟಿಗೆ ಸಮಾನವಾಗಿ ಬಾಗಿಸುವುದರಿಂದ ಅವು ಬೇರ್ಪಡುವುದಿಲ್ಲ.

ಪ್ರಶ್ನೆ: ಭೂಮಿ-ಚಂದ್ರರ ಲೆಕ್ಕದಲ್ಲಿ 3.46 ಲಕ್ಷ, 4.32 ಲಕ್ಷ ಕಿ.ಮೀ. ಎಂಬ ಎರಡು ಉತ್ತರಗಳು ಬರುತ್ತವೆ. ಯಾವುದನ್ನು ಬಿಡಬೇಕು? – ಮಾನ್ವಿ

ಉತ್ತರ: ಎರಡನೆಯದನ್ನು. ಅದು ಚಂದ್ರನ ಆಚೆಗಿದೆ. ಅಲ್ಲಿ ಸೆಳೆತಗಳ ಪ್ರಮಾಣ ಸಮವಾದರೂ ದಿಕ್ಕು ಒಂದೇ. ಚಿತ್ರ ಬರೆಯದೆ ಲೆಕ್ಕಕ್ಕೆ ಕೈಹಾಕಬೇಡಿ.

ಪ್ರಶ್ನೆ: ಭೂಮಿ-ಚಂದ್ರರ ಸೆಳೆತವನ್ನು ಸಮಗೊಳಿಸಿ ಮಂಡಿನೋವು ನಿಲ್ಲಿಸುವ ತಾಮ್ರದ ಪಟ್ಟಿಯನ್ನು ಕೊಳ್ಳಬಹುದೇ? – ಗಂಗಾವತಿ

ಉತ್ತರ: ಬೇಡ. ಮಂಡಿಯನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಗ್ರಹಣದ ವೇಳೆ ಸೆಳೆತ ಸಮವಾಗುವುದರಿಂದಲೇ ತಟ್ಟೆಯಲ್ಲಿ ಒನಕೆ ನಿಲ್ಲುತ್ತದೆಯೇ? – ಸಿರುಗುಪ್ಪ

ಉತ್ತರ: ನಮ್ಮ ಮೇಲೆ ಚಂದ್ರನ ಸೆಳೆತ ಭೂಮಿಯ ಸೆಳೆತದ ಸುಮಾರು 3 ಲಕ್ಷದಲ್ಲೊಂದು ಪಾಲು ಮಾತ್ರ. ತಳ ಸಮತಟ್ಟಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ನಾಳೆ ಬೆಳಿಗ್ಗೆಯೇ ನಿಲ್ಲಿಸಿ ನೋಡಿ.