ಮೂಡಿಗೆರೆಯಂತಹ ಮಳೆಯೂರಿನಲ್ಲಿ ಹಿತ್ತಲ ಕೋಳಿಗೂಡಿಗೆ ಗಾಳಿ, ಬೆಳಕಿನ ಕಿಂಡಿಗಳನ್ನು ಎಲ್ಲಿ ಬಿಡಬೇಕು?

ಮಳೆಗಾಲದ ಇರಿಚಲು ನಮ್ಮಲ್ಲಿ ನೈಋತ್ಯದಿಂದ ಹೊಡೆಯುವುದರಿಂದ ಗೂಡಿನ ಉದ್ದವನ್ನು ಪೂರ್ವ-ಪಶ್ಚಿಮವಾಗಿಟ್ಟು, ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿ, ಸೂರನ್ನು 3 ಅಡಿಯಾದರೂ ಹೊರಚಾಚಬೇಕು. ಚಳಿಗೆ ಹೆದರಿ ಎಲ್ಲ ಕಿಂಡಿಗಳನ್ನೂ ಮುಚ್ಚುವುದು ದೊಡ್ಡ ತಪ್ಪು. ಹಿಕ್ಕೆಯಿಂದೇಳುವ ಅಮೋನಿಯಾ ಮತ್ತು ಕೋಳಿಗಳ ಉಸಿರಿನ ತೇವ ಬಿಸಿಗಾಳಿಯೊಡನೆ ಮೇಲೇರುವುದರಿಂದ, ಕೋಳಿಗಳು ರಾತ್ರಿ ಕೂರುವ ಗಳುವಿಗಿಂತ ಎತ್ತರದಲ್ಲಿ, ಸೂರಿನಡಿ ಉತ್ತರ-ದಕ್ಷಿಣಕ್ಕೆ ಎದುರುಬದುರಾಗಿ ಒಂದು ಗೇಣು ತೆರವು ಬಿಟ್ಟರೆ ಗಾಳಿ ಮೈಗೆ ಬಡಿಯದೆ ಹಾದುಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದೊಡನೆ ಕಣ್ಣು ಉರಿದರೆ ಅಥವಾ ಶೀಟಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದರೆ ಕಿಂಡಿ ಸಾಲದೆಂದೇ ಅರ್ಥ. ತೆರವಿಗೆಲ್ಲ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ) ಹೊಡೆಯಿರಿ. ತೋಟದ ಪುನುಗುಬೆಕ್ಕಿಗೆ ತೆಳು ಕೋಳಿಬಲೆ ಯಾವ ಲೆಕ್ಕ! ಬೆಳಕಿಗೆ ಪೂರ್ವದ ಗೋಡೆಯಲ್ಲಿ ಜಾಲರಿಯಿಟ್ಟರೆ ಸಾಕು. ಹೆಚ್ಚು ಮೊಟ್ಟೆ ಬೇಕಿದ್ದರೆ ಮಾತ್ರ ದಿನಕ್ಕೆ 14ರಿಂದ 16 ಗಂಟೆ ಬೆಳಕಾಗುವಂತೆ ಮುಂಜಾನೆ ಸಣ್ಣ ಬಲ್ಬು ಉರಿಸಬಹುದು.