ದೇಶ ಆಮೇಲೆ ಆರಿಸಿ, ಮೊದಲು ಕಂಪನಿಯ ಪತ್ರ ಕೈಗೆ ಬರಲಿ

ನೀವು ಕೇಳಿದ್ದು ಇಷ್ಟು: ಕೆಲಸವೆಲ್ಲ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ, ಹೆಂಡತಿ ಮತ್ತು ಆರು ವರ್ಷದ ಮಗಳ ಜೊತೆ ಒಂದು ವರ್ಷ ಹೊರದೇಶದಲ್ಲಿದ್ದು ಇದೇ ಕೆಲಸ ಮುಂದುವರಿಸಬೇಕು, ಯಾವ ದೇಶದ ಡಿಜಿಟಲ್ ನೋಮ್ಯಾಡ್ ವೀಸಾ (ಅಲ್ಲಿದ್ದುಕೊಂಡು ಬೇರೆ ದೇಶದ ಕಂಪನಿಗೆ ದೂರದಿಂದ ಕೆಲಸ ಮಾಡಲು ಕೊಡುವ ವೀಸಾ) ಸುಲಭ? ನಾನು ಎಸ್ಟೋನಿಯಾದ ಈ ವೀಸಾ ಪಡೆದು ಅಲ್ಲಿನ ರಾಜಧಾನಿ ಟ್ಯಾಲಿನ್‌ನಲ್ಲಿ ಇದ್ದು ಬಂದವಳು. ದೇಶದ ಆಯ್ಕೆಗಿಂತ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ, ನಿಮ್ಮ ಕಂಪನಿಯನ್ನು ಕೇಳುವುದು.

ನಾನು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎಸ್ಟೋನಿಯಾ 2020ರ ಆಗಸ್ಟ್‌ನಲ್ಲಿ ಈ ವೀಸಾ ಶುರು ಮಾಡಿತು. ತೆರಿಗೆ ಕಡಿತಕ್ಕೆ ಮುಂಚಿನ ಆದಾಯ ತಿಂಗಳಿಗೆ 4500 ಯೂರೋ ಇರಬೇಕು, ಹಿಂದಿನ ಆರು ತಿಂಗಳೂ ಅಷ್ಟಿತ್ತು ಎಂದು ತೋರಿಸಬೇಕು. ನನ್ನ ಹತ್ತಿರ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ಶೂರೆನ್ಸ್ ಎಲ್ಲ ಸಿದ್ಧವಿತ್ತು. ಎಚ್‌ಆರ್‌ನವರು ಎರಡೇ ಸಾಲಿನ ಪತ್ರ ಕೊಟ್ಟಿದ್ದರು: ಇವರು ನಮ್ಮ ಉದ್ಯೋಗಿ, ಸಂಬಳ ಇಷ್ಟು. ಅರ್ಜಿ ತೆಗೆದುಕೊಂಡ ಅಧಿಕಾರಿ ಅದನ್ನು ಓದಿ, ಪತ್ರವನ್ನು ನನ್ನ ಕಡೆಗೆ ತಿರುಗಿಸಿ, ಸಂಬಳದ ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು: "ದೇಶದ ಹೊರಗಿಂದ ಕೆಲಸ ಮಾಡಬಹುದು ಅಂತ ಇದರಲ್ಲಿ ಎಲ್ಲಿದೆ?" ಎಲ್ಲೂ ಇರಲಿಲ್ಲ. ಆ ಒಂದು ಸಾಲು ಸೇರಿಸಲು ಕಂಪನಿಯ ಕಾನೂನು ವಿಭಾಗ, ಫೈನಾನ್ಸ್, ಸೆಕ್ಯುರಿಟಿ ಮೂರೂ ಕಡೆ ಸಹಿ ಬೇಕಾಯಿತು. ಮೂರು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಮಾತಾಡಿಟ್ಟಿದ್ದ ಮನೆ ಬೇರೆಯವರ ಪಾಲಾಯಿತು.

ಕಂಪನಿಗಳು ಹಿಂಜರಿಯುವುದು ಸುಮ್ಮಸುಮ್ಮನೆ ಅಲ್ಲ, ಇದನ್ನು ನಾನು ಆಮೇಲೆ ತಿಳಿದುಕೊಂಡೆ. ನೀವು ಬೇರೆ ದೇಶದಲ್ಲಿ ಕೂತು ಕಂಪನಿ ಪರವಾಗಿ ಒಪ್ಪಂದ ಕುದುರಿಸುತ್ತಿದ್ದರೆ, ಕಂಪನಿಗೆ ಅಲ್ಲೊಂದು ಶಾಶ್ವತ ವ್ಯವಹಾರ ನೆಲೆ ಇದೆ, ಅದರ ಲಾಭಕ್ಕೆ ಇಲ್ಲಿ ತೆರಿಗೆ ಕಟ್ಟಿ ಎಂದು ಆ ದೇಶದ ತೆರಿಗೆಯವರು ಹೇಳಬಹುದು. ನಿಮ್ಮ ಸ್ವಂತ ತೆರಿಗೆಯ ಪ್ರಶ್ನೆ ಇನ್ನೂ ಹತ್ತಿರದ್ದು. ವೀಸಾ ಒಂದು ವರ್ಷದ್ದು ಎಂದರೆ ಒಂದು ವರ್ಷ ತೆರಿಗೆಯ ಚಿಂತೆಯಿಲ್ಲ ಎಂದಲ್ಲ. ಎಸ್ಟೋನಿಯಾದಲ್ಲಿ ಸತತ 12 ತಿಂಗಳಲ್ಲಿ 183 ದಿನ ಇದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ, ಅಂದರೆ ನಿಮ್ಮ ಆದಾಯಕ್ಕೆ ಅಲ್ಲಿ ತೆರಿಗೆ ಲೆಕ್ಕ ಕೊಡಬೇಕಾದವರು. ಡಿಸೆಂಬರ್ 31 ದಾಟಿತು, ಲೆಕ್ಕ ಮತ್ತೆ ಸೊನ್ನೆಯಿಂದ ಎಂದು ನಾನು ನಂಬಿದ್ದೆ. ಕ್ಯಾಲೆಂಡರ್ ವರ್ಷಕ್ಕೂ ಆ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಕಂಪನಿಯವರು 183ರ ಒಳಗೇ ಇರಬೇಕೆಂದು ಷರತ್ತು ಹಾಕಿದರು. ಒಂದು ನೋಟ್‌ಪುಸ್ತಕದಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದೆ, ಬಂದ ದಿನ, ಹೊರಡುವ ದಿನ ಎರಡನ್ನೂ ಸೇರಿಸಿ. ಸೆಪ್ಟೆಂಬರ್ ಮಧ್ಯದಲ್ಲಿ ಇಳಿದವಳು 165ನೇ ಗೆರೆ ಎಳೆದ ದಿನ ವಿಮಾನ ಹತ್ತಿದೆ. ವೀಸಾದಲ್ಲಿ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಬಾಕಿ ಇತ್ತು, ಆ ಬೇಸರ ನನಗೆ ಇವತ್ತಿಗೂ ಇದೆ.

ಈ ನಿಯಮ ಎಲ್ಲ ಕಡೆ ಒಂದೇ ಅಲ್ಲ, ನೀವು ಹುಡುಕಬೇಕಾದ ವ್ಯತ್ಯಾಸ ಇದೇ. ಕ್ರೊಯೇಷಿಯಾ ಈ ವೀಸಾದವರ ಹೊರದೇಶದ ಸಂಬಳಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಟ್ಟಿದೆ. ಥೈಲ್ಯಾಂಡ್‌ನಲ್ಲಿ ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಇದ್ದರೆ ತೆರಿಗೆ ನಿವಾಸಿ. ಅಂಥವರು ಅಲ್ಲಿಗೆ ತರಿಸಿಕೊಳ್ಳುವ ಹೊರದೇಶದ ಆದಾಯ 2024ರಿಂದ ತೆರಿಗೆಯ ವ್ಯಾಪ್ತಿಗೆ ಬಂದಿದೆ. ಸ್ಪೇನ್‌ನಲ್ಲಿ ವಿಶೇಷ ತೆರಿಗೆ ಯೋಜನೆಯೊಂದಿದೆ, ಅರ್ಹರಾದರೆ 6 ಲಕ್ಷ ಯೂರೋವರೆಗೆ ಶೇ 24ರ ಒಂದೇ ದರ. ನಿಮ್ಮ ದೇಶದ ಜೊತೆ ಅವರ ದ್ವಿತೆರಿಗೆ ಒಪ್ಪಂದ (ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ಮಾಡಿಕೊಂಡದ್ದು) ಹೇಗಿದೆ ಎಂದು ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಕೇಳಿ. ಇದಕ್ಕೆ ಕೊಡುವ ಫೀಸು ದಂಡವಲ್ಲ.

ಕುಟುಂಬ ಸಮೇತ ಎಂದಿದ್ದೀರಿ, ಹಾಗಾಗಿ ಆದಾಯದ ಮಿತಿಯನ್ನು ನಿಮ್ಮೊಬ್ಬರಿಗೇ ಲೆಕ್ಕ ಹಾಕಬೇಡಿ. ಸ್ಪೇನ್ ಅರ್ಜಿದಾರರಿಗೆ ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು ಕೇಳುತ್ತದೆ. ಅದರ ಜೊತೆಗೆ ಕುಟುಂಬದ ಮೊದಲ ಸದಸ್ಯರಿಗೆ ಕನಿಷ್ಠ ವೇತನದ ಶೇ 75, ನಂತರದ ಪ್ರತಿಯೊಬ್ಬರಿಗೂ ಅದೇ ವೇತನದ ಶೇ 25 ಸೇರುತ್ತದೆ. ಕಂಪನಿ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿರಬೇಕು, ನೀವು ಅದರಲ್ಲಿ ಮೂರು ತಿಂಗಳಾದರೂ ಕೆಲಸ ಮಾಡಿರಬೇಕು. ಅವರು ಸಾಮಾಜಿಕ ಭದ್ರತೆಯ (ಪಿಂಚಣಿ, ಆರೋಗ್ಯ ರಕ್ಷಣೆಯಂಥವು) ವ್ಯವಸ್ಥೆ ಏನೆಂದೂ ಕೇಳುತ್ತಾರೆ, ಬಹಳ ಅರ್ಜಿಗಳು ಸಿಕ್ಕಿಕೊಳ್ಳುವುದು ಅಲ್ಲೇ. ಥೈಲ್ಯಾಂಡ್ 2024ರಲ್ಲಿ ತಂದ ಡಿಟಿವಿ (ಡೆಸ್ಟಿನೇಷನ್ ಥೈಲ್ಯಾಂಡ್ ವೀಸಾ) ಐದು ವರ್ಷದ್ದು, ಒಂದು ಪ್ರವೇಶಕ್ಕೆ 180 ದಿನ. ಅದಕ್ಕೆ ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಸಂಗಾತಿ, ಮಕ್ಕಳಿಗೂ ಅವಕಾಶವಿದೆ. ಜಪಾನ್‌ನದು ಆರೇ ತಿಂಗಳು, ವಿಸ್ತರಣೆ ಇಲ್ಲ, ವರ್ಷಕ್ಕೆ 1 ಕೋಟಿ ಯೆನ್ ಆದಾಯ ಬೇಕು. ಒಂದು ವರ್ಷ ಇರಬೇಕೆನ್ನುವ ನಿಮಗೆ ಅದು ಹೊಂದುವುದಿಲ್ಲ. ಈ ಮೊತ್ತಗಳನ್ನು ಆಗಾಗ ಬದಲಾಯಿಸುತ್ತಾರೆ, ಅರ್ಜಿ ಹಾಕುವ ವಾರ ರಾಯಭಾರ ಕಚೇರಿಯ ಪುಟ ತೆರೆದು ಮತ್ತೊಮ್ಮೆ ನೋಡಿ.

ಪ್ರವಾಸಿ ವೀಸಾದಲ್ಲಿ ಹೋಗಿ ಸದ್ದಿಲ್ಲದೆ ಕೆಲಸ ಮಾಡಿ ಎನ್ನುವವರೂ ಸಿಗುತ್ತಾರೆ. ಮಗುವನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಆ ದಾರಿ ಹಿಡಿಯಬೇಡಿ.

ಮದುವೆ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರಗಳಿಗೆ ಈಗಲೇ ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪುವಂತೆ ಸರ್ಕಾರ ಕೊಡುವ ದೃಢೀಕರಣ) ಮಾಡಿಸಿಡಿ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಕೊನೆಗೆ ತೆಗೆಸಿ, ಅದು ಹಳೆಯದಾದರೆ ಒಪ್ಪುವುದಿಲ್ಲ.

ಇನ್ನೊಂದು ಮಾತು, ಯಾರೂ ನನಗೆ ಹೇಳಿರದಿದ್ದದ್ದು. ಟ್ಯಾಲಿನ್‌ನಲ್ಲಿ ಡಿಸೆಂಬರ್ ಎಂದರೆ ಬೆಳಕಿರುವುದು ಸುಮಾರು ಆರು ಗಂಟೆ, ಮಧ್ಯಾಹ್ನ ಮೂರೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ನನ್ನ ಮೀಟಿಂಗ್‌ಗಳೆಲ್ಲ ಆ ಆರು ಗಂಟೆಯಲ್ಲೇ ಬೀಳುತ್ತಿದ್ದವು. ಲ್ಯಾಪ್‌ಟಾಪ್ ಮುಚ್ಚಿ ಕಿಟಕಿ ಕಡೆ ನೋಡಿದರೆ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಎರಡನೇ ತಿಂಗಳಿಂದ ಊಟದ ವೇಳೆಗೆ ಒಂದು ಗಂಟೆ ಹೊರಗೆ ನಡೆಯಲೇಬೇಕೆಂದು ತಂಡಕ್ಕೆ ಹೇಳಿ ಆ ಹೊತ್ತನ್ನು ಖಾಲಿ ಇಟ್ಟುಕೊಂಡೆ. ನಿಮ್ಮ ತಂಡದ ಸಮಯವನ್ನು ಆ ದೇಶದ ಸಮಯಕ್ಕೆ ಹೊಂದಿಸಿ ನೋಡಿ, ಮಗಳು ಎಚ್ಚರವಿರುವ ಹೊತ್ತಿನಲ್ಲಿ ನೀವು ಎಷ್ಟು ಸಿಗುತ್ತೀರಿ ಎಂದು ಲೆಕ್ಕ ಹಾಕಿ.

ಕಂಪನಿಗೆ ಮೇಲ್ ಹಾಕುವಾಗ "ಹೊರದೇಶದಿಂದ ಕೆಲಸ ಮಾಡಬಹುದೇ" ಎಂದಷ್ಟೇ ಕೇಳಿದರೆ ಸಿಗುವ ಉತ್ತರವೂ ತೇಲಿಸಿದ್ದೇ. ಎರಡೋ ಮೂರೋ ದೇಶಗಳ ಹೆಸರು, ಹೋಗುವ ತಿಂಗಳು, ಇರುವ ದಿನಗಳ ಸಂಖ್ಯೆ, ಪತ್ರದಲ್ಲಿ ನಿಮಗೆ ಬೇಕಾದ ಆ ಸಾಲು, ಇಷ್ಟನ್ನೂ ಬರೆದು ಕಳಿಸಿ. ಅವರು ಯಾವ ದೇಶಕ್ಕೆ ಹೂಂ ಎಂದರು ಎಂದು ತಿಳಿಸಿ, ಅಲ್ಲಿಂದ ಮುಂದೆ ನನಗೆ ಗೊತ್ತಿರುವಷ್ಟನ್ನು ಖಂಡಿತ ಹೇಳುತ್ತೇನೆ.